ಬೆಳೆಯುವ ಹುಡುಗಿಗೆ ಕೊನೆಯ ಕಾಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಾರ್ಯಾಗಾರದ ಕಿಟಕಿಯ ಬಳಿ ಕುಳಿತು ಆಕೆ ಪ್ಲಾಸ್ಟರಿನ ಅಚ್ಚೊಂದನ್ನು ಅರದಿಂದ ಉಜ್ಜುತ್ತಿದ್ದಾರೆ. ಉಜ್ಜುವುದು, ಅಂಗೈಯಿಂದ ಸವರಿ ನೋಡುವುದು, ಮತ್ತೆ ಉಜ್ಜುವುದು. ಹುಬ್ಬಿನ ಮೇಲೆಲ್ಲ ಬಿಳಿ ಪುಡಿ. ಬಸ್ಸಿನ ಚಕ್ರಕ್ಕೆ ಸಿಕ್ಕಿ ಮೊಣಕಾಲಿನ ಕೆಳಗೆ ಕಾಲು ಕಳೆದುಕೊಂಡ ಒಂಬತ್ತು ವರ್ಷದ ಹುಡುಗಿಯ ಮೊಂಡುಗಾಲಿನ ಅಚ್ಚು ಇದು. ಇದರ ಮೇಲೆ ಕಾದ ಪ್ಲಾಸ್ಟಿಕ್ ಹಾಳೆ ಎಳೆದರೆ ಮೊಂಡುಗಾಲು ಕೂರುವ ಬಟ್ಟಲು. ಬಟ್ಟಲಿಗೆ ಕೊಳವೆ, ಕೊಳವೆಗೆ ಪಾದ. ಇಲ್ಲಿ ತಯಾರಾಗುವ ಕೊನೆಯ ಕಾಲು ಇದೇ.

ಗೋಡೆಗಳು ಬೋಳಾಗಿವೆ. ಕಪಾಟುಗಳಿದ್ದ ಕಡೆ ಮಾತ್ರ ಬಣ್ಣ ಮಾಸಿಲ್ಲ. ದೂರದ ದೇಶದಲ್ಲಿ ಕೆಲವು ವೈದ್ಯರು ಕಟ್ಟಿದ ಪುಟ್ಟ ಸೇವಾಸಂಸ್ಥೆಯೊಂದು ಇಪ್ಪತ್ತಾರು ವರ್ಷ ಇಲ್ಲಿ ಉಚಿತವಾಗಿ ಕೃತಕ ಕಾಲು ಮಾಡಿಕೊಟ್ಟಿತು. ಈ ತಿಂಗಳ ಕೊನೆಗೆ ಬಾಗಿಲು ಹಾಕುತ್ತಿದೆ. ಹಗರಣವಿಲ್ಲ, ಜಗಳವಿಲ್ಲ. ದಾನ ಕೊಡುತ್ತಿದ್ದವರಿಗೆ ವಯಸ್ಸಾಯಿತು, ಒಬ್ಬೊಬ್ಬರಾಗಿ ತೀರಿಕೊಂಡರು, ಅಷ್ಟೇ. ಬೈಯೋಣವೆಂದರೆ ಯಾರೂ ಸಿಗುವುದಿಲ್ಲ.

ಮಕ್ಕಳು ಆಕೆಯನ್ನು ‘ಕಾಲಕ್ಕ’ ಎನ್ನುತ್ತಾರೆ. ಆಕೆ ಇಲ್ಲಿಗೆ ಬಂದದ್ದು ದರ್ಜಿಯಾಗಿ, ಕಾಲಿನ ಪಟ್ಟಿಗಳನ್ನು ಹೊಲಿಯಲು. ಅಚ್ಚು ತೆಗೆಯುವವನು ಕೆಲಸ ಬಿಟ್ಟಾಗ ಆಕೆಯನ್ನು ಆ ಜಾಗದಲ್ಲಿ ಕೂರಿಸಿದರು. ಆಕೆ ಮಾಡಿದ ಮೊದಲ ಕಾಲನ್ನು ಬಡಗಿಯೊಬ್ಬ ಮೂರೇ ದಿನಕ್ಕೆ ಚೀಲದಲ್ಲಿ ಹಾಕಿಕೊಂಡು ವಾಪಸು ತಂದ.

“‘ತಗೋ ತಾಯಿ, ಇದನ್ನ ಹಾಕ್ಕೊಂಡು ನೀನೇ ನಡಿ’ ಅಂದ. ನೋಡಿದ್ರೆ ಅವನ ಕಾಲಿನ ಚರ್ಮ ಎಲ್ಲ ಎದ್ದು ಬಂದಿತ್ತು. ಆವತ್ತು ನಂಗೆ ಊಟ ಸೇರ್ಲಿಲ್ಲ.”

ಆಮೇಲೆ ದಿನಕ್ಕೆ ಎರಡು ಅಚ್ಚು, ಕೆಲವೊಮ್ಮೆ ಮೂರು. ಪ್ಲಾಸ್ಟರಿಗೆ ಕೈ ಬಿರಿದು, ಮನೆಯಲ್ಲಿ ಹಿಟ್ಟು ಕಲಸುವುದು ಗಂಡನ ಪಾಲಿಗೆ ಬಂತು. “ಉಪ್ಪು ತಾಗಿದ್ರೆ ಉರಿ. ಅವರಿಗೂ ಗೊತ್ತು. ಆದ್ರೂ ಒಂದು ಕೊಂಕು ಆಡದೆ ಕಲಸಲ್ಲ.”

ದೊಡ್ಡವರ ಕಾಲು ಸವೆಯುವ ತನಕ ಬರುತ್ತದೆ. ಮಕ್ಕಳದು ಹಾಗಲ್ಲ, ಮಗು ಬೆಳೆದ ಹಾಗೆಲ್ಲ ಬದಲಿಸಬೇಕು. ಇಲ್ಲಿ ಬಾಗಿಲು ಹಾಕಿದರೆ ಇನ್ನೊಂದು ಕೇಂದ್ರ ಇರುವುದು ಇಡೀ ದಿನದ ಬಸ್ ಪ್ರಯಾಣದಾಚೆ. ಅದಕ್ಕೇ ಕಳೆದ ವಾರ ಆಕೆ ಯಾರಿಗೂ ಹೇಳದೆ ಈ ಹುಡುಗಿಯ ಕಾಲನ್ನು ಒಂದು ಬೆರಳಗಲದಷ್ಟು ಹೆಚ್ಚು ಉದ್ದ ಮಾಡಿದರು, ಬಟ್ಟಲನ್ನೂ ಸಡಿಲ ಬಿಟ್ಟರು. ಬೆಳೆಯುವ ಮಕ್ಕಳಿಗೆ ಅಂಗಿ ದೊಡ್ಡದಾಗಿ ಹೊಲಿಯುತ್ತಾರಲ್ಲ, ಹಾಗೆ.

ನಡಿಗೆ ಕಲಿಸುವ ಮೇಷ್ಟ್ರಿಗೆ ನಾಲ್ಕೇ ಹೆಜ್ಜೆಯಲ್ಲಿ ಗೊತ್ತಾಯಿತು.

“ಸೊಂಟ ಯಾಕೆ ಎತ್ತಿ ಹಾಕ್ತಿದೀಯ ಪುಟ್ಟಿ?”

“ನಾನೆಲ್ಲಿ ಎತ್ತಿದೆ? ಕಾಲೇ ಎತ್ತುತ್ತೆ.”

ಮೇಷ್ಟ್ರು ಅಳತೆ ಹಿಡಿದು ಕಾಲಕ್ಕನ ಮುಖ ನೋಡಿದರು.

“ಮುಂದಿನ ವರ್ಷಕ್ಕೂ ಆಗ್ಲಿ ಅಂತ ಬೇಕಂತಲೇ ಮಾಡಿದೆ ಮೇಷ್ಟ್ರೇ.”

“ಮುಂದಿನ ವರ್ಷಕ್ಕೋಸ್ಕರ ಈ ವರ್ಷ ಅವಳನ್ನ ಕುಂಟಿಸ್ತೀಯೇನಮ್ಮಾ? ನಾಳೆ ಬೆನ್ನು ಸೊಟ್ಟ ಆದ್ರೆ ಅದನ್ನ ಯಾವ ಅರದಲ್ಲಿ ಉಜ್ತೀಯ?”

ಹುಡುಗಿಯ ಅಪ್ಪ ನಡುವೆ ಬಾಯಿ ಹಾಕಿದ. “ಇರ್ಲಿ ಬಿಡಿ ಮೇಷ್ಟ್ರೇ. ಅಭ್ಯಾಸ ಆಗುತ್ತೆ. ಉದ್ದ ಇದ್ರೆ ಇನ್ನಷ್ಟು ದಿನ ಬರುತ್ತಲ್ಲ.”

ಆತನ ಚಿಂತೆಯಲ್ಲಿ ತಪ್ಪಿರಲಿಲ್ಲ. ಹುಡುಗಿ ಮಾತ್ರ ಬೆಂಚಿನ ಮೇಲೆ ಕೂತು ಪಟ್ಟಿಯನ್ನು ಚರ್ರನೆ ಬಿಚ್ಚಿದಳು. “ನಂಗೆ ಬೇಡ. ಇದ್ರಲ್ಲಿ ಓಡಕ್ಕಾಗಲ್ಲ.”

ಕಾಲಕ್ಕ ಆ ಕಾಲನ್ನು ಒಳಗೆ ಒಯ್ದರು. ಈ ಬೆಳಗ್ಗೆ ಉಜ್ಜುತ್ತಿರುವುದು ಅದರ ಬದಲಿಗೆ ಹೊಸದಾಗಿ ತೆಗೆದ ಅಚ್ಚು. ಈ ಸಲ ಅಳತೆಯಲ್ಲಿ ಕೂದಲೆಳೆಯ ಮೋಸವಿಲ್ಲ. ಒಳಗಿನ ಮೆತ್ತೆಯನ್ನು ಮಾತ್ರ ಎರಡು ಪದರ ಮಾಡುತ್ತಾರೆ. ಬಿಗಿಯಾದಾಗ ಒಂದನ್ನು ಕಿತ್ತರಾಯಿತು. ತುಸು ಉದ್ದದ ಇನ್ನೊಂದು ಕೊಳವೆಯನ್ನು ಅಪ್ಪನ ಕೈಗೆ ಕೊಟ್ಟು, ಅದನ್ನು ಕೂರಿಸುವ ಬಗೆಯನ್ನೂ ಹೇಳಿಕೊಡುತ್ತಾರೆ. ಒಂದು ವರ್ಷ ತಳ್ಳಬಹುದು.

ಪ್ಲಾಸ್ಟಿಕ್ ಕಾಯಿಸುವ ಒಲೆ ನಾಳೆ ಆಸ್ಪತ್ರೆಯೊಂದಕ್ಕೆ ಹೋಗುತ್ತದೆ. ಒಲೆ ಬೇಕೆಂದವರು ಆಕೆ ಬೇಕೆನ್ನಲಿಲ್ಲ. “ಒಲೆಗೆ ಕೆಲಸ ಸಿಕ್ತು, ಅಡುಗೆಯವಳು ಮನೆಗೆ,” ಎಂದು ಆಕೆ ನಗುತ್ತಾರೆ. ಮುಂದಿನ ತಿಂಗಳಿಂದ ಮತ್ತೆ ಹೊಲಿಗೆ ಯಂತ್ರ.

ಸಂಜೆ ಹುಡುಗಿ ಬರುತ್ತಾಳೆ, ಕಾಲು ತೊಡುತ್ತಾಳೆ. ಆಸರೆಯ ಕಂಬಿ ಹಿಡಿಯದೆ ಕೋಣೆ ದಾಟುತ್ತಾಳೆ. ಮೇಷ್ಟ್ರು ಸೊಂಟವನ್ನೇ ನೋಡುತ್ತ ಒಪ್ಪಿ ತಲೆಯಾಡಿಸುತ್ತಾರೆ. ಅವಳು ಆಗಲೇ ಹೊರಗಿನ ಮೊಗಸಾಲೆಯಲ್ಲಿದ್ದಾಳೆ. ಓಡಬೇಡ ಎಂದು ಯಾರೋ ಕೂಗುತ್ತಾರೆ.

“ಎಷ್ಟು ದಿನ ಬರುತ್ತಕ್ಕಾ ಇದು?” ಅಪ್ಪ ಕೇಳುತ್ತಾನೆ.

“ಅವಳು ಬೆಳೆಯೋ ತನಕ.”

ಆತ ಕೊಳವೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಮಗಳ ಹಿಂದೆ ಹೋಗುತ್ತಾನೆ. ಕಾಲಕ್ಕ ಮೇಜಿನ ಪುಡಿ ಗುಡಿಸುತ್ತಾರೆ.

“ಬೇಗ ಬೆಳೀಲಿ ಅವಳು,” ಎನ್ನುತ್ತಾರೆ. “ನಾ ಮಾಡಿದ ಕಾಲು ಅವಳಿಗೆ ಚಿಕ್ಕದಾಗ್ಲಿ.”