ಮೊದಲ ಸ್ಥಾನದಲ್ಲಿ ನಿಂತುಹೋದ ಸೀರೆ

ನಮ್ಮ ವೆಬ್‌ಸೈಟು ಇಳಕಲ್ಲಿನ ಒಂದು ಕೈಮಗ್ಗವನ್ನು ಉಳಿಸಿತು ಎಂದು ಅಣ್ಣ ಹೇಳುತ್ತಾನೆ. ಅಣ್ಣ ಅಂದರೆ ನನ್ನ ಕಾಕಾನ ಮಗ. ಮದುವೆಮನೆಯಲ್ಲಿ ಹೇಳುತ್ತಾನೆ, ಬಸ್ಸಿನಲ್ಲಿ ಪಕ್ಕ ಕೂತವರಿಗೆ ಹೇಳುತ್ತಾನೆ, ಮೊನ್ನೆ ವಿದ್ಯಾಗಿರಿಯ ಒಂದು ಕಾಲೇಜಿನಲ್ಲಿ ಮೈಕು ಹಿಡಿದೂ ಹೇಳಿದ. ಹುಡುಗರು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲೇ ಕೂತಿದ್ದ ನಾನು ತಟ್ಟಲಿಲ್ಲ. ಮಾವಿನಕಾಯಿಯನ್ನೂ ಉಪ್ಪು ಹಾಕಿ ವರ್ಷಗಟ್ಟಲೆ ಉಳಿಸುತ್ತಾರೆ. ಅದು ಉಳಿದದ್ದು ನಿಜ. ಅದು ಯಾವ ಸ್ಥಿತಿಯಲ್ಲಿ ಉಳಿದಿದೆ ಎಂದು ಕೇಳುವುದು ಚರ್ಚಾಸ್ಪರ್ಧೆಯಲ್ಲಿ ಬೆಳೆದವರ ಕೆಟ್ಟ ಚಾಳಿ.

ಮಗ್ಗ ಅಣ್ಣನ ತಾಯಿಯದು, ಅಂದರೆ ಕಾಕಿಯದು. ಇಳಕಲ್ಲಿನ ಮನೆಯ ಪಡಸಾಲೆಯಲ್ಲಿ, ನೇಯುವವರು ಕಾಲು ಇಳಿಬಿಟ್ಟು ಕೂರುವ ಅದರ ಕುಣಿ ಇದೆ. ಹಿತ್ತಲಿನ ಶೆಡ್ಡಿನಲ್ಲಿ ಕಾಕಾನ ಪವರ್‌ಲೂಮುಗಳು ಇಡೀ ದಿನ ಬಡಿದುಕೊಳ್ಳುತ್ತವೆ. ಕೈಮಗ್ಗದ ಸೀರೆಗೆ ನೇರ ಗಿರಾಕಿ ಸಿಗದಿದ್ದರೆ ಕುಣಿ ಮುಚ್ಚಿ ನೆಲಕ್ಕೆ ಫರ್ಶಿಕಲ್ಲು ಹಾಕಿಸುವುದು ಎಂದು ಕಾಕಾ ತೀರ್ಮಾನಿಸಿದ್ದರು. ಆಗ ಅಣ್ಣ ಯಾವುದೋ ಆನ್‌ಲೈನ್ ಕೋರ್ಸು ಮುಗಿಸಿ, ಲ್ಯಾಪ್‌ಟಾಪ್ ಬಗಲಲ್ಲಿಟ್ಟುಕೊಂಡು ವಿದ್ಯಾಗಿರಿಯ ನನ್ನ ರೂಮಿಗೆ ಬಂದ. ಬಾಯಲ್ಲಿ ಒಂದೇ ಮಂತ್ರ: ಟಾಪಿಕಲ್ ಅಥಾರಿಟಿ.

ಅವನು ವಿವರಿಸಿದ್ದು ಇಷ್ಟು. 'ನಮ್ಮಲ್ಲಿ ಸೀರೆ ಸಿಗುತ್ತದೆ' ಎಂದು ಬರೆದರೆ ಸರ್ಚ್ ಇಂಜಿನ್ ತಿರುಗಿಯೂ ನೋಡುವುದಿಲ್ಲ. ಸೀರೆಯ ಬಗ್ಗೆ ಜಗತ್ತು ಕೇಳಬಹುದಾದ ಪ್ರತಿ ಪ್ರಶ್ನೆಗೂ ಒಂದೊಂದು ಪುಟ ಬರೆಯಬೇಕು, ಪುಟದಿಂದ ಪುಟಕ್ಕೆ ಲಿಂಕು ಕೊಡಬೇಕು. ಆಗ ಯಂತ್ರಕ್ಕೆ, ಈ ವಿಷಯಕ್ಕೆ ಇವರೇ ಯಜಮಾನರು ಎಂಬ ಭ್ರಮೆ ಹುಟ್ಟುತ್ತದೆ. ಭ್ರಮೆ ಎಂಬುದು ನನ್ನ ಮಾತು. ಅವನು 'ಟ್ರಸ್ಟ್' ಅಂದ.

"ನೀ ಬರಿ. ಡಿಬೇಟಿನ್ಯಾಗ ಗೊತ್ತಿಲ್ಲದ್ದರ ಮ್ಯಾಲೂ ತಾಸಗಟ್ಲೆ ಮಾತಾಡ್ತಿಯಲ್ಲ."

"ಗೊತ್ತಿಲ್ಲದ್ದನ್ನ ಬರದ್ರ ಅಧಿಕಾರ ಹೆಂಗ ಬರ್ತೈತಿ?"

"ಎಲ್ಲಾರಿಗೂ ಹಂಗ ಬಂದೈತಿ, ತಂಗಿ."

ಬರೆದೆ. ಇಳಕಲ್ ಸೀರೆ ಒಗೆಯುವುದು ಹೇಗೆ, ಪಟ್ಟದಕಲ್ಲಿನ ಬಿಸಿಲಿಗೆ ಯಾವ ಬಣ್ಣ ಒಪ್ಪುತ್ತದೆ, ಬಾದಾಮಿಯ ಕೆಂಪು ಬಂಡೆಯ ಮುಂದೆ ಫೋಟೋಕ್ಕೆ ಏನುಟ್ಟರೆ ಚೆಂದ, ಬಸುರಿಯ ಸೀಮಂತಕ್ಕೆ, ಅಂದರೆ ಕುಬಸಕ್ಕೆ, ಹಸಿರು ಸೀರೆ ಆರಿಸುವುದು ಹೇಗೆ. ಇಲಿ ಕಡಿದರೆ ಏನು ಮಾಡಬೇಕು ಎಂಬುದಕ್ಕೂ ಒಂದು ಪುಟ ಬೇಕೆಂದ. ಕಾಕಿಯನ್ನು ಕೇಳಿದೆ.

"ಹೊಲಿಬೇಕು. ಇಲ್ಲಾ ಇಲಿ ಹಿಡಿಬೇಕು," ಅಂದರು ಕಾಕಿ.

ಅದನ್ನೇ ಉದ್ದ ಎಳೆದು, ನಡುವೆ ಉಪಶೀರ್ಷಿಕೆ ಹಾಕಿ, ಕೊನೆಗೆ 'ತಜ್ಞರ ಸಲಹೆ' ಎಂದು ಸೇರಿಸಿದೆ.

ಇವೆಲ್ಲ ಮರಿಪುಟಗಳು. ಎಲ್ಲ ಲಿಂಕುಗಳೂ ಹೋಗಿ ಸೇರುವ ತಾಯಿಪುಟ ಕೊಂಡಿಯದು. ಇಳಕಲ್ ಸೀರೆಯ ಒಡಲಿನ ಹಾಸು, ಅಂದರೆ ಉದ್ದನೆಯ ಎಳೆಗಳೇ ಬೇರೆ, ಕೆಂಪು ಸೆರಗಿನ ಹಾಸೇ ಬೇರೆ. ಪಕ್ಕದ ಮನೆಯ ಹೆಂಗಸರನ್ನು ಕರೆದು ಕೂರಿಸಿಕೊಂಡು, ಒಂದೊಂದೇ ಎಳೆಗೆ ಇನ್ನೊಂದು ಎಳೆ ಸಿಕ್ಕಿಸಿ, ಎರಡನ್ನೂ ಕೂಡಿಸುತ್ತಾರೆ. ಆ ಕೂಡುಜಾಗವೇ ಕೊಂಡಿ. ನೇಯ್ಗೆ ಅದನ್ನು ದಾಟಿತೆಂದರೆ ಬಟ್ಟೆಯಲ್ಲಿ ಒಂದು ಗೆರೆಯಾಗಿ ಉಳಿಯುತ್ತದೆ ಅಷ್ಟೇ. ಎಳೆಗೆ ಎಳೆ ಕೈಹಿಡಿದು ನಿಂತದ್ದನ್ನು ನೋಡಬೇಕಾದರೆ ಸೀರೆ ಮಗ್ಗದ ಮೇಲಿರುವಾಗಲೇ ನೋಡಬೇಕು. ಅಣ್ಣ ಅದರ ವಿಡಿಯೊ ಹಾಕಿದ. ಪುಟ ಮೆಲ್ಲಗೆ ಮೇಲೇರಿ ಕಡೆಗೊಮ್ಮೆ ಮೊದಲ ಸ್ಥಾನಕ್ಕೆ ಬಂತು. ಅವನು ಓಣಿಗೆಲ್ಲ ಪೇಢೆ ಹಂಚಿದ. ಓಣಿಯವರು ಸರಕಾರಿ ನೌಕರಿ ಸಿಕ್ಕಿತೆಂದುಕೊಂಡು ಹರಸಿದರು.

ಆಮೇಲೆ ಮಂದಿ ಬರತೊಡಗಿದರು. ಬಾದಾಮಿ, ಪಟ್ಟದಕಲ್ಲು ನೋಡಲು ಬಂದವರು ಫೋನು ಹಿಡಿದುಕೊಂಡು ಇಳಕಲ್ಲಿಗೂ ಬಂದು, "ಕೊಂಡಿ ಎಲ್ಲಿದೆ?" ಎಂದು ಕೇಳುವರು. ಆಗ ಮಗ್ಗದ ಮೇಲಿದ್ದದ್ದು ಒಂದು ಹಸಿರು ಸೀರೆ. ಹುನಗುಂದದ ಒಬ್ಬ ಅಜ್ಜಿ ಹೇಳಿಟ್ಟದ್ದು. ಅವರ ಮೊಮ್ಮಗಳು ಚೊಚ್ಚಲ ಬಸುರಿ. ತವರಿನವರು ಹಸಿರು ಸೀರೆ ಉಡಿಸಿ ಕುಬಸ ಮಾಡಬೇಕು. ಅಜ್ಜಿಯ ಕುಬಸಕ್ಕೆ ಇದೇ ಮಗ್ಗದ ಮೇಲೆ ಕಾಕಿಯ ಅತ್ತೆ ನೇಯ್ದಿದ್ದರಂತೆ, ಅಜ್ಜಿಯ ಮಗಳ ಕುಬಸಕ್ಕೆ ಕಾಕಿ. ಈ ಗಿರಾಕಿ ಯಾವ ಪುಟವನ್ನೂ ಓದಿರಲಿಲ್ಲ. ಬಸ್ಸಿಗೆ ಬಂದು, ನೂಲು ಮುಟ್ಟಿ ನೋಡಿ, ಚಾ ಕುಡಿದು, "ಕುಬಸಕ್ಕ ಬೇಕವ್ವಾ" ಎಂದು ಹೋಗಿದ್ದರು. ಅದೇ ಆರ್ಡರು.

ಕಾಕಿ ಒಡಲು ನೇಯ್ದು ಕೊಂಡಿಗೆ ಒಂದು ಗೇಣು ಹಿಂದೆ ಬಂದಿದ್ದ ದಿನ ನಾನು ಅಲ್ಲೇ ಇದ್ದೆ.

"ಅವ್ವಾ, ದಾಟಬ್ಯಾಡ. ನಾಳೆ ಬಾದಾಮಿಯಿಂದ ಮಂದಿ ಬರಾಕತ್ತಾರ," ಅಂದ ಅಣ್ಣ.

"ದಾಟದಿದ್ರ ಸೆರಗ ಎಲ್ಲಿಂದ ಬರ್ತೈತೋ?"

"ಈ ವಾರ ಅಷ್ಟ. ಕೊಂಡಿ ಕಾಣದಿದ್ರ ಬಂದವ್ರು ನಮ್ಮ ಪುಟ ಸುಳ್ಳ ಅಂತ ಬರೀತಾರ. ಹಂಗ ಬರದ್ರ ನಾವು ಕೆಳಗ ಹೋಗ್ತೇವಿ."

"ನಾ ಕುಣ್ಯಾಗ ಕಾಲ ಬಿಟಗೊಂಡ ಕುಂತೇನಿ. ಇನ್ನೂ ಎಷ್ಟ ಕೆಳಗ ಹೋಗಲಿ?"

ಅಣ್ಣ ನಕ್ಕ. ಕಾಕಿ ನಗಲಿಲ್ಲ, ಆದರೆ ನಿಲ್ಲಿಸಿದರು. ಮಗನ ಸೈಟಿನಿಂದಲೇ ಮಗ್ಗ ಉಳಿಯುವುದಾದರೆ ಒಂದು ವಾರ ಏನು ಮಹಾ. ವಾರದ ಹಿಂದೆ ವಾರ ಬಂತು. ಬಂದವರ ಮುಂದೆ ಕಾಕಿ ಲಾಳಿ ಓಡಿಸಿ ನಾಲ್ಕು ಎಳೆ ನೇಯುವರು. ಅವರು ವಿಡಿಯೊ ಮಾಡಿಕೊಂಡು ಹೊರಟ ಮೇಲೆ ನೇಯ್ದ ಎಳೆಗಳನ್ನು ಬಿಚ್ಚಿ ಲಾಳಿಯೊಳಗಿನ ಕಂಡಿಕೆಗೆ ಸುತ್ತುವರು. ನೇಯ್ಗೆ ಕಲಿಸುವವರು ಬಹಳ ಮಂದಿ ಇರಬಹುದು. ನೇಯದೆ ಇರುವುದನ್ನು ಇಷ್ಟು ಕಷ್ಟಪಟ್ಟು ಕಲಿತವರು ನಮ್ಮ ಕಾಕಿ ಒಬ್ಬರೇ.

ಹುನಗುಂದದ ಅಜ್ಜಿ ಫೋನು ಮಾಡುತ್ತಿದ್ದರು. ಕಾಕಿ ಸ್ಪೀಕರಿಗೆ ಹಾಕಿಯೇ ಮಾತಾಡುವುದು.

"ಏನವ್ವಾ, ಸೀರಿ ಆತೇನು?"

"ಕೊಂಡಿ ತನಕ ಬಂದೇನ್ರಿ."

"ಹೋದ ತಿಂಗಳೂ ಅಲ್ಲೇ ಇದ್ದಿ. ಅಲ್ಲೇ ಮನಿ ಕಟ್ಟೀ ಏನು?"

ಕಾಕಿ ಅಣ್ಣನ ಮುಖ ನೋಡಿದರು. ಅಣ್ಣ ಫೋನಿನಲ್ಲಿ ರ‍್ಯಾಂಕು ನೋಡುತ್ತಿದ್ದ.

ಕುಬಸದ ದಿನ ಬಂತು. ಬಳೆ, ಹೂವು ಹಿಡಿದುಕೊಂಡು ಕಾಕಿ, ನಾನು ಹುನಗುಂದಕ್ಕೆ ಹೋದೆವು. ಸೀರೆ ಇನ್ನೂ ಮಗ್ಗದ ಮೇಲೇ ಇತ್ತು. ಕ್ಷಮೆ ಕೇಳಲು ದಾರಿಯುದ್ದಕ್ಕೂ ಕಾಕಿ ಮನಸ್ಸಿನಲ್ಲೇ ತಯಾರಿ ನಡೆಸಿದ್ದರು. ಪ್ರಯೋಜನವಾಗಲಿಲ್ಲ, ಯಾಕೆಂದರೆ ಹುಡುಗಿ ಆಗಲೇ ಹಸಿರು ಸೀರೆ ಉಟ್ಟು ಕೂತಿದ್ದಳು.

"ದಾರಿ ನೋಡಿ ನೋಡಿ ಸಾಕಾಗಿ ಮೊಮ್ಮಗ ಫೋನಿನ್ಯಾಗ ತರಿಸ್ಯಾನ," ಅಂದರು ಅಜ್ಜಿ. "ಹುಡುಕಿದ್ರ ಮೊದಲ ನಿಮ್ಮದ ಬಂತಂತ. ಹಸರ ಸೀರಿ ಬಗ್ಗೆ ಭಾಳ ಛಲೋ ಬರದಾರಂತ."

ಭಾಳ ಛಲೋ ಬರೆದವಳು ಅಲ್ಲೇ ನಿಂತು ಹೂವಿನ ಬುಟ್ಟಿ ನೋಡುತ್ತಿದ್ದಳು. ಸೀರೆ ನಮ್ಮದೇ ಹಿತ್ತಲಿನ ಪವರ್‌ಲೂಮಿನದು; ಕೈಮಗ್ಗದ್ದು ಮುಗಿಯದೆ ಅಣ್ಣ ಸೈಟಿನಲ್ಲಿ ಮಾರುತ್ತಿದ್ದುದು ಅವನ್ನೇ. ಕಾಕಿ ಹುಡುಗಿಗೆ ಬಳೆ ತೊಡಿಸಿ, ಸೆರಗು ಸರಿಪಡಿಸುವ ನೆಪದಲ್ಲಿ ಒಡಲಿಗೂ ಸೆರಗಿಗೂ ನಡುವೆ ಬೆರಳಾಡಿಸಿದರು. ಅಲ್ಲಿ ಕೊಂಡಿ ಇರಲಿಲ್ಲ.

"ಬಣ್ಣ ಛಲೋ ಐತಿ," ಅಂದರು.

ಇಳಕಲ್ಲಿನಲ್ಲಿ ಬಸ್ಸಿಳಿಯುವಾಗ ಕಾಕಿ, "ಆಕಿ ಅಜ್ಜಿ ಮೈಮ್ಯಾಲಿನ ಸೀರಿ ನೋಡ್ದೇನು? ನಮ್ಮತ್ತಿ ನೇದಿದ್ದು. ಇನ್ನೂ ಗಟ್ಟಿ ಐತಿ," ಅಂದರು.

ಪ್ರತಿವಾದಿಗೆ ನ್ಯಾಯ ಸಲ್ಲಬೇಕು. ಸೈಟಿನಿಂದ ಪವರ್‌ಲೂಮ್ ಸೀರೆಗಳು ಚೆನ್ನಾಗಿ ಹೋಗುತ್ತಿವೆ, ಆದ್ದರಿಂದ ಕಾಕಾ ಫರ್ಶಿಯ ಮಾತು ಬಿಟ್ಟಿದ್ದಾರೆ. ಮಗ್ಗ ಪಡಸಾಲೆಯಲ್ಲೇ ಇದೆ. ದಿನಾ ಯಾರಾದರೂ ಬಂದು ನೋಡುತ್ತಾರೆ.

ಮೊನ್ನೆ ವಿದ್ಯಾಗಿರಿಯಲ್ಲಿ ಅಣ್ಣ ಪರದೆಯ ಮೇಲೆ ಕೊಂಡಿಯ ವಿಡಿಯೊ ತೋರಿಸಿದ. ಹಸಿರು ಒಡಲು, ಒಂದು ಗೇಣು ಖಾಲಿ, ಆಚೆ ಕೆಂಪು ಸೆರಗಿನ ಹಾಸು. ಆಮೇಲೆ, ಬರಿ ಬರವಣಿಗೆಯ ಬಲದಿಂದ ಗಿರಾಕಿ ಹೇಗೆ ಬರುತ್ತಾರೆ ಎಂಬುದಕ್ಕೆ ಹುನಗುಂದದ ಕುಬಸದ ಆರ್ಡರನ್ನೇ ಉದಾಹರಣೆ ಕೊಟ್ಟ. ಮತ್ತೆ ಚಪ್ಪಾಳೆ. ಪ್ರಶ್ನೆಗಳಿದ್ದರೆ ಕೇಳಿ ಎಂದರು ಕಾಲೇಜಿನವರು. ನಾನು ಕೈ ಎತ್ತಿದೆ. ಅವನು ಬೇರೆ ಕೈಗಳಿಗಾಗಿ ಸಭೆಯ ತುದಿತನಕ ಕಣ್ಣಾಡಿಸಿದ. ಬೇರೆ ಕೈ ಇರಲಿಲ್ಲ. ಮೈಕು ನನ್ನತ್ತ ಬಂತು.

"ಅಣ್ಣಾ, ಕಾಕಿಗೆ ಆ ಕೊಂಡಿ ದಾಟಾಕ ಯಾವಾಗ ಬಿಡ್ತಿ?"