ಮೂರನೆಯ ‘ಹೌದಾ?’

ವರ್ಷಗಟ್ಟಲೆ ಗುರುಗಳ ಮುಂದೆ ಕೂತು ಸಂಗೀತ ಕಲಿತೆ. ಕೊನೆಗೆ ನನಗೆ ಅನ್ನ ಹಾಕಿದ್ದು ಮೂರು ‘ಢಂ’. ಈ ಕರ್ಮವನ್ನು ಯಾರ ಹತ್ತಿರ ಹೇಳಿಕೊಳ್ಳಲಿ? ಟಿವಿಯಲ್ಲಿ ವಾರವಾರವೂ ಸಂಜೆ ಹೊತ್ತು ಧಾರಾವಾಹಿಗಳನ್ನು ಗೇಲಿ ಮಾಡುವ ಪುಟ್ಟ ಕಾರ್ಯಕ್ರಮವೊಂದು ಬರುತ್ತಿತ್ತು. ಅದರಲ್ಲಿನ ಅತ್ತೆಗೆ ಯಾರಾದರೂ ಓಡಿ ಬಂದು ಸುದ್ದಿ ಹೇಳುತ್ತಾರೆ: ನಿಮ್ಮ ಸೊಸೆ ನಿಜವಾಗಿ ನಿಮ್ಮ ಮಗಳು ಅಂತಲೋ, ಸತ್ತ ಗಂಡ ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದಾನೆ ಅಂತಲೋ. ಆಕೆ ಕತ್ತು ತಿರುಗಿಸಿ “ಹೌದಾ?” ಅನ್ನುತ್ತಾಳೆ. ಕ್ಯಾಮೆರಾ ಮುಖಕ್ಕೆ ನುಗ್ಗುತ್ತದೆ, ನಾನು ಕೀಬೋರ್ಡಿನಲ್ಲಿ ಢಂ ಬಾರಿಸುತ್ತೇನೆ. ಹೀಗೆ ಮೂರು ಸಲ, ಮೂರು ದಿಕ್ಕಿಗೆ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಆ ಪಾತ್ರ ಮಾಡುತ್ತಿದ್ದವಳಿಗೆ ‘ಹೌದಾ ಅಕ್ಕ’ ಎಂದೇ ಹೆಸರು ಬಿದ್ದುಹೋಯಿತು. ಹಗಲೆಲ್ಲ ಅವಳು ಕನ್ನಡಕದ ಅಂಗಡಿಯಲ್ಲಿ ದುಡಿಯುತ್ತಾಳೆ. ಫ್ರೇಮಿನ ಕಡ್ಡಿಯನ್ನು ಬಿಸಿ ಮಾಡಿ ಬಗ್ಗಿಸಿ, ಗಿರಾಕಿಯ ಕಿವಿಯ ಹಿಂದೆ ಬೆರಳು ಹಾಕಿ, ಒತ್ತುತ್ತದಾ ಎಂದು ವಿಚಾರಿಸುತ್ತಾಳೆ. ಅಲ್ಲೂ ಬಿಡುವವರುಂಟೆ? ಕಣ್ಣು ಕಾಣದೆ ಬಂದವರೂ ಒಂದು ಸಲ ಹೌದಾ ಅನ್ನಿ ಅಂತ ದುಂಬಾಲು ಬೀಳುತ್ತಿದ್ದರು. ಅವಳೂ ಅಂದು ನಗಿಸಿ ಕಳಿಸುತ್ತಿದ್ದಳು.

ಟಿವಿಯಲ್ಲಿ ಅಷ್ಟು ಓಡಿದ್ದನ್ನು ನಮ್ಮ ನಿರ್ದೇಶಕ ಸುಮ್ಮನೆ ಬಿಡುತ್ತಾನೆಯೇ? ಹಾಡು, ಕುಣಿತ, ತಿರುಗುವ ರಂಗಮಂಚ ಎಲ್ಲ ಸೇರಿಸಿ ಎರಡೂವರೆ ಗಂಟೆಯ ಸಂಗೀತ ನಾಟಕ ಮಾಡಿದ. ಮಧ್ಯಂತರಕ್ಕೆ ಮುಂಚೆ ‘ಹೌದಾ’ ಎಂಬ ಹಾಡು. ಮೊದಲೆರಡು ಸಲ ಅವಳು, ಮೂರನೆಯ ಸಲ ಅವಳ ಜೊತೆ ಇಡೀ ಸಭಾಂಗಣವೇ ಕೂಗಬೇಕು. ತಾಲೀಮಿನಲ್ಲಿ ಮೇಳದವರೆಲ್ಲ ಮೊದಲ ಸಲ ಒಟ್ಟಿಗೆ “ಹೌದಾ?” ಎಂದು ಕಿರುಚಿದಾಗ ಅವಳು ಹೊರಗೆ ನಡೆದುಬಿಟ್ಟಳು. ನಾನು ಹೋಗಿ ನೋಡಿದರೆ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳು.

“ಅದು ನಮ್ಮತ್ತಿಗೇದು, ಮೇಷ್ಟ್ರೇ,” ಅಂದಳು. “ನಾನು ಕದ್ದಿದ್ದು.”

ತಾಯಿಯಿಲ್ಲದ ಅವಳನ್ನು ಸಾಕಿದ್ದು ಅಣ್ಣನ ಹೆಂಡತಿ. ಅಣ್ಣ ಲಿಫ್ಟ್ ರಿಪೇರಿಯವನು. ಒಂದು ಬೆಳಿಗ್ಗೆ ಅತ್ತಿಗೆ ಬಟಾಣಿ ಸುಲಿಯುತ್ತ ಕೂತಿದ್ದಾಗ, ಅವನು ಮೇಲಿಂದ ಬಿದ್ದು ತೀರಿಹೋದನೆಂದು ಫೋನು ಬಂತು. ಅತ್ತಿಗೆ ಫೋನಿಗೆ “ಹೌದಾ?” ಅಂದರಂತೆ. ಅದೇ ಸುದ್ದಿ ಹಿಡಿದು ಓಡಿ ಬಂದ ಪಕ್ಕದ ಮನೆಯವಳಿಗೆ ಇನ್ನೊಮ್ಮೆ “ಹೌದಾ?” ಅಂದರಂತೆ. ಆಮೇಲೆ ಗೋಡೆಯ ಕಡೆ ತಿರುಗಿ ಮತ್ತೊಮ್ಮೆ. ಅಷ್ಟೇ. ವರ್ಷಗಳಾದ ಮೇಲೆ ಟಿವಿಯವರು ಆಘಾತವಾದಂತೆ ನಟಿಸು ಎಂದಾಗ ಇವಳ ಬಾಯಿಂದ ಅದೇ ಹೊರಬಿತ್ತು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ತಾನೇ ಅಂದಳು.

ಅತ್ತಿಗೆಗೆ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಸಂಜೆ ಪಾಳಿ. ಹಾಗಾಗಿ ಕಾರ್ಯಕ್ರಮವನ್ನು ಅವರು ಒಮ್ಮೆಯೂ ನೋಡಿರಲಿಲ್ಲ. ಈಗ ನಾದಿನಿಯ ನಾಟಕವೆಂದು ಮೊದಲ ಆಟಕ್ಕೆ ರಜೆ ಹಾಕಿದ್ದರು. ಗೊತ್ತಾದರೆ ಅತ್ತಿಗೆ ಇನ್ನು ನನ್ನ ಮುಖ ನೋಡುವುದಿಲ್ಲ, ನನಗೆ ಇರುವವರು ಅವರೊಬ್ಬರೇ, ಅಂದಳು. ಹಾಗಾದರೆ ಹಾಡನ್ನೇ ತೆಗೆಸು ಅಂದೆ.

“ಆ ನಗು ನಂಗೆ ಬೇಕು, ಮೇಷ್ಟ್ರೇ. ಅದಕ್ಕೇ ನಾಚಿಕೆಯಾಗೋದು,” ಅಂದಳು.

ನನಗೆ ಪಿತ್ತ ನೆತ್ತಿಗೇರಿತು. ಎರಡೂ ಕೈಯಲ್ಲಿ ಲಾಡು ಬೇಕು ಅಂದರೆ ಹೇಗಮ್ಮ, ಹೋಗಿ ಮೊದಲು ಅತ್ತಿಗೆಗೆ ನೀನೇ ಹೇಳು ಎಂದು ಗದರಿದೆ. ಆಯಿತು ಅಂದಳು. ದಿನಾ ಇವತ್ತು ನಾಳೆ ಅಂತ ಮುಂದೂಡಿದಳು. ಕೊನೆಗೆ ಮಾಡಿದ್ದೇನು ಗೊತ್ತೆ? ಸ್ಕ್ರೂ ಸಡಿಲವಾಗಿದೆ ಎಂದು ಅತ್ತಿಗೆಯ ಕನ್ನಡಕವನ್ನು ಅಂಗಡಿಗೆ ತಂದವಳು ವಾಪಸ್ ಕೊಡಲೇ ಇಲ್ಲ. ಆ ಅಳತೆಯ ಸ್ಕ್ರೂ ಮುಗಿದುಹೋಗಿದೆ ಎಂದು ಕಥೆ ಕಟ್ಟಿದಳು. ಕನ್ನಡಕ ಮಾತ್ರ ಅವಳ ಕೈಚೀಲದಲ್ಲೇ ಇತ್ತು. ಊರಿನವರಿಗೆಲ್ಲ ಕಣ್ಣು ಕಾಣಿಸುವ ಹಾಗೆ ಮಾಡುವವಳು ಸ್ವಂತ ಅತ್ತಿಗೆಯ ಕಣ್ಣಿಗೆ ಮಣ್ಣೆರಚಿದಳು.

ಮೊದಲ ಆಟ. ಅತ್ತಿಗೆ ಮೊದಲ ಸಾಲಿನಲ್ಲೇ, ಕಣ್ಣು ಕಿರಿದು ಮಾಡಿಕೊಂಡು ಕೂತಿದ್ದರು. ಹಾಡು ಬಂತು. ಮೊದಲ “ಹೌದಾ?” ಚೆನ್ನಾಗಿಯೇ ಬಂತು. ಎರಡನೆಯದರಲ್ಲಿ ದನಿ ಒಡೆಯಿತು. ಅದೂ ನಟನೆಯೆಂದುಕೊಂಡು ಜನ ಇನ್ನಷ್ಟು ನಕ್ಕರು. ಮೂರನೆಯದಕ್ಕೆ ಅವಳು ಜನರ ಕಡೆ ತಿರುಗಿದಾಗ ಬಾಯಿಂದ ಏನೂ ಹೊರಡಲಿಲ್ಲ. ಇಡೀ ಸಭಾಂಗಣ “ಹೌದಾ?” ಎಂದು ಕೂಗಿತು. ಎಲ್ಲರೂ ನಗುತ್ತಿದ್ದಾಗ ಅತ್ತಿಗೆಯ ಮುಖ ಮಾತ್ರ ಹಾಗೇ ಇತ್ತು. ನಾನು ಢಂ ಬಾರಿಸಿದೆ. ಬಾರಿಸದೆ ಇರಬಹುದಿತ್ತು.

ಆಟ ಮುಗಿದ ಮೇಲೆ ಅತ್ತಿಗೆ ಬಣ್ಣದ ಕೋಣೆಯಲ್ಲಿ ಕಾಯುತ್ತಿದ್ದಾರೆಂದು ಯಾರೋ ಹೇಳಿದರು. ಅವಳು ಒಬ್ಬಳಿಗೆ ಆಗುವುದಿಲ್ಲ, ನೀವೂ ಬನ್ನಿ ಎಂದು ನನ್ನ ತೋಳು ಹಿಡಿದುಕೊಂಡೇ ಒಳಗೆ ಹೋದಳು. ಅತ್ತಿಗೆ ಕನ್ನಡಿಯ ಮುಂದಿನ ಸ್ಟೂಲಿನ ಮೇಲೆ ಕೂತಿದ್ದರು.

“ಕನ್ನಡಕ ಇಲ್ವಲ್ಲ, ನಿನ್ನ ಮುಖ ಕಾಣಿಸ್ಲಿಲ್ಲ,” ಅಂದರು. “ದನಿ ಕೇಳಿಸ್ತು.”

“ತಪ್ಪಾಯ್ತು ಅತ್ತಿಗೆ. ನಿಮ್ಮ ದುಃಖ ತಗೊಂಡು ಜನರನ್ನ ನಗಿಸ್ಬಿಟ್ಟೆ.”

“ನಗ್ಲಿ ಬಿಡೇ. ದುಡ್ಡು ಕೊಟ್ಟು ಬಂದಿದಾರೆ. ಮೂರನೇದು ಮಾತ್ರ ಹಾಗಲ್ಲ. ಅದನ್ನ ನಾನು ನಿನ್ನನ್ನ ಕೇಳಿದ್ದು.”

“ಗೋಡೆ ಕಡೆ ತಿರುಗಿ ಅಂದ್ರಿ, ಅತ್ತಿಗೆ.”

“ಗೋಡೆ ಮುಂದೆ ನೀನು ನಿಂತಿದ್ದೆ. ಫೋನಲ್ಲಿ ಯಾರೋ ಏನೋ ಅಂದ, ಪಕ್ಕದ ಮನೆಯವಳು ತಪ್ಪಾಗಿ ಕೇಳಿಸ್ಕೊಂಡಿರ್ಬಹುದು. ನೀನು ಇಲ್ಲ ಅಂದಿದ್ರೆ ಇಲ್ಲ ಅಂತಲೇ ನಂಬ್ತಿದ್ದೆ. ಹೌದು ಅಂದಿದ್ರೆ ಇಬ್ರೂ ಸೇರಿ ಅಳ್ತಿದ್ವಿ. ನೀನು ನನ್ನ ಮುಖಾನೇ ನೋಡ್ತಾ ನಿಂತ್ಬಿಟ್ಟೆ. ಬಾಯೇ ಬಿಡ್ಲಿಲ್ಲ.”

ನಾನು ಬಾಗಿಲಿಗೆ ಅಂಟಿಕೊಂಡಂತೆ ನಿಂತಿದ್ದೆ. ಬೇರೆಯವರ ಮನೆಯ ಸಾವಿನ ಮುಂದೆ ಕರೆಯದೆ ಬಂದವನಂತಾಗಿತ್ತು ನನಗೆ. ಹೌದಾ ಅಕ್ಕ ಕೈಚೀಲ ತೆರೆದು ಕನ್ನಡಕ ಹೊರತೆಗೆದಳು. ಗಾಜು ಒರೆಸಿದಳು. ಅತ್ತಿಗೆಯ ಮುಂದೆ ಮಂಡಿಯೂರಿ, ಅಂಗಡಿಯಲ್ಲಿ ಮಾಡುವ ಹಾಗೆಯೇ ಮೆಲ್ಲಗೆ ತೊಡಿಸಿ, ಎರಡೂ ಕಿವಿಯ ಹಿಂದೆ ಬೆರಳು ಹಾಕಿ ನೋಡಿದಳು. ಅದು ಇಷ್ಟು ದಿನ ಎಲ್ಲಿತ್ತೆಂದು ಅತ್ತಿಗೆ ಕೇಳಲಿಲ್ಲ. ಬಣ್ಣ ಕದಡಿಹೋಗಿದ್ದ ಆ ಮುಖವನ್ನು ಬಹಳ ಹೊತ್ತು ನೋಡಿದರು.

“ಹೌದಾ?” ಅಂದರು ಅತ್ತಿಗೆ.

“ಹೌದು ಅತ್ತಿಗೆ,” ಅಂದಳು. “ಅಣ್ಣ ಹೋಗ್ಬಿಟ್ಟ.”