ಪರದೆಯಲ್ಲಿ ಹಸಿರು, ಮನೆಯಲ್ಲಿ ಚಳಿ

ಬೆಳಗಿನ ಏಳಕ್ಕೆ ಇನ್ನು ಐದು ನಿಮಿಷ. ಪನೆವೆಜಿಸ್ ಊರಿನ ನದಿಯಾಚೆಯ ಬಡಾವಣೆಯಲ್ಲಿ ಬೆಳಕು ಹರಿದಿಲ್ಲ. ಹೊರಗೆ ಸೊನ್ನೆಗಿಂತ ಹದಿನಾಲ್ಕು ಡಿಗ್ರಿ ಕೆಳಗಿನ ಚಳಿ. ಮೂರನೆಯ ಮಹಡಿಯ ಮನೆಯೊಂದರಲ್ಲಿ ಸ್ಕೈದ್ರೆ ಗುದೆಲ್ಯೇನೆ ಬೂಟುಗಳನ್ನು ಬಾಗಿಲಲ್ಲೇ ಬಿಟ್ಟು, ಉಣ್ಣೆಯ ಕಾಲುಚೀಲದಲ್ಲಿ ಒಳಗೆ ಬಂದು, ಕಿಟಕಿಯ ಕೆಳಗಿನ ರೇಡಿಯೇಟರಿನ ಪಕ್ಕ ಮಂಡಿಯೂರಿ ಕೂತಿದ್ದಾರೆ. ಒಂದು ಕಿವಿ ರೇಡಿಯೇಟರಿನ ಮೂಲೆಗೆ ಅಂಟಿಕೊಂಡಿದೆ.

"ಅಡುಗೆಮನೆ ಫ್ಯಾನು ಆರಿಸ್ತೀಯಾ ಲೊರೆತಾ? ಒಂದೇ ನಿಮಿಷ."

ಮನೆಯೊಡತಿ ಲೊರೆತಾ ಊರಿನ ಬಸ್ಸು ಓಡಿಸುವವಳು. ಕೆಲಸಕ್ಕೆ ಹೊರಡುವ ಆತುರದಲ್ಲಿ ಒಂದು ಕೈಯಲ್ಲಿ ಕಪ್ಪು ಬ್ರೆಡ್ಡು, ಇನ್ನೊಂದು ಕೈಯಲ್ಲಿ ಮಗಳ ಟೋಪಿ ಹಿಡಿದುಕೊಂಡೇ ಫ್ಯಾನು ಆರಿಸುತ್ತಾಳೆ. ಗಂಟೆ ಏಳಾಗುತ್ತದೆ. ಗೋಡೆಯ ಮೇಲಿನ ಪುಟ್ಟ ಪೆಟ್ಟಿಗೆ ಮನೆಯನ್ನು ಬೆಚ್ಚಗೆ ಮಾಡುವ ಹೊತ್ತಾಯಿತೆಂದು ಎಲ್ಲ ರೇಡಿಯೇಟರುಗಳಿಗೂ ತಂತಿಯಿಲ್ಲದೆ ಸುದ್ದಿ ಕಳಿಸುತ್ತದೆ. ಒಂದೊಂದು ರೇಡಿಯೇಟರಿನ ತುದಿಯಲ್ಲೂ ಕೂತಿರುವ ದುಂಡನೆಯ ಬಿಳಿ ತಲೆಯೊಳಗಿನ ಮೋಟರು ತಿರುಗಿ, ಬಿಸಿನೀರಿನ ದಾರಿ ತೆರೆಯಬೇಕು. ಈ ತಲೆಗಳನ್ನು ಇಲ್ಲಿ ಎಲ್ಲರೂ 'ಅಣಬೆ' ಎನ್ನುತ್ತಾರೆ. ಅಣಬೆ ಗುರ್ರೆನ್ನುತ್ತದೆ, ನಡುವೆ ಸದ್ದು ಕುಗ್ಗುತ್ತದೆ, ಮತ್ತೆ ಎಳೆಯುತ್ತದೆ.

"ಏದುಸಿರು ಬಿಡ್ತಿದೆ" ಎನ್ನುತ್ತಾರೆ ಸ್ಕೈದ್ರೆ.

ಲೊರೆತಾ ಫೋನು ಚಾಚುತ್ತಾಳೆ. "ಅರವತ್ತು ಪರ್ಸೆಂಟ್ ಇದೆ ಅಂತ ತೋರಿಸ್ತಿದೆ ನೋಡಿ. ಹಸಿರು ಬೇರೆ."

"ತೋರಿಸ್ಲಿ ಬಿಡು. ನಿನ್ನ ಮಗಳದು ಬ್ಯಾಟರಿ ಆಟಿಕೆ ಯಾವುದಾದ್ರೂ ಇದ್ರೆ ತಾ."

ಡೋಲು ಬಾರಿಸುವ ಮೊಲವೊಂದು ಬರುತ್ತದೆ. ಅಣಬೆಯಿಂದ ತೆಗೆದ ಎರಡು ಬ್ಯಾಟರಿಗಳನ್ನು ಮೊಲದ ಬೆನ್ನಿಗೆ ಹಾಕಿದರೆ ಅದು ಎರಡು ಪೆಟ್ಟು ಬಾರಿಸಿ, ಮೂರನೆಯದಕ್ಕೆ ಎತ್ತಿದ ಕೈ ಎತ್ತಿದಂತೆಯೇ ನಿಲ್ಲುತ್ತದೆ. ಸ್ಕೈದ್ರೆ ಎರಡೂ ಬ್ಯಾಟರಿಗಳನ್ನು ಅಂಗೈಯಲ್ಲಿಟ್ಟು ತೋರಿಸುತ್ತಾರೆ. ಒಂದು ಹೊಸದು, ಇನ್ನೊಂದರ ಮೈಮೇಲಿನ ಬಣ್ಣವೇ ಮಾಸಿದೆ.

"ಇದು ಟೀವಿ ರಿಮೋಟಿಂದು. ಯಾರ ಕೈಚಳಕ?"

"ಇನ್ಯಾರದು, ನಮ್ಮ ಯಜಮಾನರದೇ. ಒಂದು ಚೆನ್ನಾಗಿದೆಯಲ್ಲ, ಯಾಕೆ ಎರಡೂ ಬದಲಾಯಿಸ್ಬೇಕು ಅಂದ್ರು."

"ಅವನಿಗೆ ಒಂದು ಕಾಲಿಗೆ ಮಾತ್ರ ಬೂಟು ಹಾಕಿ ಕೆಲಸಕ್ಕೆ ಕಳಿಸು" ಎಂದು ಹೊಸ ಜೋಡಿ ಹಾಕಿ, ಮೋಟರು ಒಮ್ಮೆ ಪೂರ್ತಿ ತೆರೆದು ಮುಚ್ಚುವವರೆಗೆ ಕಾದು, ಏಳೂ ಹತ್ತಕ್ಕೆ ಸ್ಕೈದ್ರೆ ಬೂಟು ಮೆಟ್ಟುತ್ತಾರೆ. ದಿನದ ಮೊದಲ ಮನೆ ಮುಗಿಯಿತು.

ಸ್ಕೈದ್ರೆಗೆ ಈಗ ಐವತ್ತೆಂಟು. ಆರು ಕಟ್ಟಡಗಳ ನಿವಾಸಿಗಳ ಸಂಘದಲ್ಲಿ ಕೆಲಸಕ್ಕಿದ್ದಾರೆ. ಕಾಗದದ ಮೇಲೆ ಅವರ ಹುದ್ದೆ ಇಂದಿಗೂ 'ಮೆಟ್ಟಿಲು ಸ್ವಚ್ಛತೆ ಮತ್ತು ಸಾಮಾನ್ಯ ಉಸ್ತುವಾರಿ'. ಹರೆಯದಲ್ಲಿ ಟೀವಿಯ ಗಾಜಿನ ಕೊಳವೆ ಮಾಡುವ ಕಾರ್ಖಾನೆಯಲ್ಲಿದ್ದರು. ಅದು ಮುಚ್ಚಿದ ಮೇಲೆ ಹೊಲಿಗೆ ಘಟಕದಲ್ಲಿ, ಆಮೇಲೆ ಶಾಲೆಯೊಂದರಲ್ಲಿ ಮಕ್ಕಳ ಕೋಟು ಕಾಯುವ ಕೆಲಸದಲ್ಲಿ. ಬ್ಯಾಟರಿಗೂ ಅವರಿಗೂ ನಂಟು ಬೆಳೆದದ್ದು ಮೂರು ವರ್ಷಗಳ ಹಿಂದೆ, ಕಟ್ಟಡಗಳಿಗೆ ಚಳಿ ತಡೆಯುವ ಹೊಸ ಹೊದಿಕೆ ಹಾಕಿಸಿ, ಮನೆಮನೆಗೂ ಈ ಜಾಣ ಪೆಟ್ಟಿಗೆಗಳನ್ನು ಕೂರಿಸಿದಾಗ. ಕೂರಿಸಿದವರು ಹದಿನೈದು ದಿನದಲ್ಲಿ ಕೆಲಸ ಮುಗಿಸಿ, ಒಂದು ಫೋನ್ ನಂಬರು ಕೊಟ್ಟು ಹೊರಟುಹೋದರು.

"ಆ ನಂಬರಿಗೆ ಯಾವಾಗ ಮಾಡಿದ್ರೂ ಒಂದೇ ಮಾತು. ಬ್ಯಾಟರಿ ಬದಲಾಯಿಸಿ ನೋಡಿ ಅಂತ. ಬದಲಾಯಿಸಿದ್ದಾಯ್ತು ಅಂದ್ರೆ, ಇನ್ನೊಂದ್ಸಲ ಬದಲಾಯಿಸಿ. ಜನ ನನ್ನ ಹತ್ರ ಬರೋಕೆ ಶುರು ಮಾಡಿದ್ರು. ನಾನು ಹೇಗಿದ್ರೂ ಮೆಟ್ಟಿಲ ಮೇಲೇ ಇರ್ತಿದ್ದೆನಲ್ಲ."

ಪೆಟ್ಟಿಗೆಯ ಜೊತೆ ಬಂದಿದ್ದ ತೊಂಬತ್ತು ಪುಟದ ಕೈಪಿಡಿಯನ್ನು ಒಂದು ಶರತ್ಕಾಲವಿಡೀ ಕೂತು ಓದಿದರು. ಉಳಿದದ್ದನ್ನು ಮನೆಗಳೇ ಕಲಿಸಿದವು. ಒಂದು ಮನೆಯಲ್ಲಿ ಬ್ಯಾಟರಿ ತಿಂಗಳಿಗೇ ಖಾಲಿಯಾಗುತ್ತಿತ್ತು. ನೋಡಿದರೆ ಗೋಡೆಯ ಪೆಟ್ಟಿಗೆಯ ಎದುರಿಗೇ ಫ್ರಿಜ್ಜು ತಂದಿಟ್ಟಿದ್ದರು. ಸುದ್ದಿ ತಲುಪದೆ ಅಣಬೆ ಹಗಲಿಡೀ ಪೆಟ್ಟಿಗೆಯನ್ನು ಮತ್ತೆ ಮತ್ತೆ ಕೂಗಿ ದಣಿಯುತ್ತಿತ್ತು. ಇನ್ನೊಂದು ಮನೆಯಲ್ಲಿ ಬ್ಯಾಟರಿ ಸೋರಿ, ಒಳಗಿನ ಸ್ಪ್ರಿಂಗಿನ ಮೇಲೆ ಹಸಿರುಬಿಳಿ ಪುಡಿ ಕಟ್ಟಿತ್ತು. ಅದಕ್ಕೆ ಹತ್ತಿಕಡ್ಡಿಯಲ್ಲಿ ವಿನೆಗರ್ ಹಚ್ಚಿ, ಒಣಗಿಸಿ, ಶಾಲೆಯ ರಬ್ಬರಿನಿಂದ ಉಜ್ಜಿದರೆ ಸಾಕು. ಅಣಬೆಯ ಕೆಳಗೆ ನೀರಿನ ದಾರಿ ತೆರೆದು ಮುಚ್ಚುವ ಪಿನ್ನು ಬೇಸಿಗೆಯೆಲ್ಲ ಅಲುಗದೆ ಕೂತು ಬಿಗಿದುಕೊಂಡರೆ ಮೋಟರು ಅದನ್ನು ಒತ್ತಿ ಒತ್ತಿಯೇ ಬ್ಯಾಟರಿ ಹೀರುತ್ತದೆ. ಅಣಬೆ ಬಿಚ್ಚಿ, ನಾಣ್ಯದಿಂದ ಪಿನ್ನನ್ನು ಹತ್ತು ಸಲ ಒತ್ತಿಬಿಟ್ಟು, ಒಂದು ಹನಿ ಎಣ್ಣೆ ಬಿಡಬೇಕು.

ಆರು ಕಟ್ಟಡ, ಇನ್ನೂರ ಹದಿನಾಲ್ಕು ಮನೆ, ಏಳುನೂರ ನಲವತ್ತೆಂಟು ಅಣಬೆ. ಅಣಬೆಗೆ ಎರಡರಂತೆ ಸುಮಾರು ಒಂದೂವರೆ ಸಾವಿರ ಬ್ಯಾಟರಿ. ಚಳಿಗಾಲದಲ್ಲಿ ದಿನಕ್ಕೆ ಹನ್ನೆರಡರಿಂದ ಹದಿನೈದು ಮನೆ. ಲಿಫ್ಟು ಇರುವುದು ಎರಡೇ ಕಟ್ಟಡಕ್ಕೆ. ಎಡಮಂಡಿಗೆ ಮೆತ್ತೆಯಾಗಿ ತುಂಡು ಕಂಬಳಿ ಸುತ್ತಿಕೊಂಡೇ ಹೊರಡುತ್ತಾರೆ. ಮೆಟ್ಟಿಲು ಗುಡಿಸುವ ಕೆಲಸವೂ ಬಿಟ್ಟಿಲ್ಲ, ಅದು ಮಧ್ಯಾಹ್ನದ ಮೇಲೆ.

ಇಷ್ಟೆಲ್ಲ ಬಲ್ಲ ಸ್ಕೈದ್ರೆ ಕಳೆದ ವರ್ಷದ ಜನವರಿಯಲ್ಲಿ ಒಂದು ತಪ್ಪು ಮಾಡಿದರು. ಅದನ್ನು ಅವರು ಮುಚ್ಚಿಡುವುದಿಲ್ಲ. ಕೇಳದಿದ್ದರೂ ಹೇಳುತ್ತಾರೆ.

ನಾಲ್ಕನೆಯ ಕಟ್ಟಡದ ನೆಲಮಹಡಿಯ ಮೂಲೆಮನೆಯಲ್ಲಿ ಜಿಗ್ಮಸ್ ಪಲ್ಯೂಲಿಸ್ ಇರುತ್ತಾರೆ. ಎಪ್ಪತ್ತೊಂದು ವರ್ಷ, ಹುಟ್ಟುಕುರುಡರು, ಒಬ್ಬರೇ. ಅಂಧರ ಸಂಘದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು. ಬ್ಯಾಟರಿ ಮುಗಿಯುವಾಗ ಅಣಬೆಯ ಮೇಲೆ ಕೆಂಪು ದೀಪ ಮಿನುಗುತ್ತದೆ, ಫೋನಿಗೆ ಸಂದೇಶ ಬರುತ್ತದೆ. ದೀಪ ಅವರಿಗೆ ಕಾಣದು, ಅವರದು ಗುಂಡಿಯ ಫೋನು. ಹಾಗಾಗಿ ಅವರ ಮನೆಯನ್ನು ಸ್ಕೈದ್ರೆ ತಮ್ಮ ಫೋನಿನ ಪರದೆಯಲ್ಲೇ ನೋಡಿಕೊಳ್ಳುತ್ತಿದ್ದರು. ಆ ವರ್ಷ ಕಸದ ಡಬ್ಬಿಗೆ ಬೀಳುವ ಬ್ಯಾಟರಿಗಳ ರಾಶಿ ನೋಡಲಾರದೆ, ಮತ್ತೆ ಮತ್ತೆ ಚಾರ್ಜು ಮಾಡುವಂಥ ಬ್ಯಾಟರಿಗಳನ್ನು ತರಿಸಿ, ಮೊದಲು ಜಿಗ್ಮಸ್ ಮನೆಯ ಮೂರು ಅಣಬೆಗಳಿಗೆ ಹಾಕಿದರು. ಅಂಥವನ್ನು ಹಾಕಬಾರದೆಂದು ಕೈಪಿಡಿಯ ಒಂದು ಮೂಲೆಯಲ್ಲಿ ಸಣ್ಣಕ್ಷರದಲ್ಲಿತ್ತು. ಅವು ಕೊನೆಯವರೆಗೂ ಒಂದೇ ಸಮನೆ ಶಕ್ತಿ ಕೊಟ್ಟು, ಆಮೇಲೆ ಒಮ್ಮೆಲೇ ಕೈಚೆಲ್ಲುತ್ತವೆ. ಪರದೆಗೆ ಅದು ಗೊತ್ತಾಗುವುದಿಲ್ಲ.

ಜನವರಿ ಎರಡನೆಯ ವಾರ ಜಿಗ್ಮಸ್ ಫೋನು ಮಾಡಿದರು. ಸ್ಕೈದ್ರೆಯನ್ನು ಅವರು ಅಕ್ಕರೆಯಿಂದ ಸ್ಕೈದ್ರುತೆ ಎಂದೇ ಕರೆಯುತ್ತಾರೆ.

"ಸ್ಕೈದ್ರುತೆ, ಕಿಟಕಿ ಹತ್ರದ ಅಣಬೆ ಅಳ್ತಿದೆ ಕಣೆ. ಒಂದ್ಸಲ ಬಂದು ನೋಡಿ ಹೋಗು."

ಸ್ಕೈದ್ರೆ ಪರದೆ ನೋಡಿದರು. ಮೂರೂ ಹಸಿರು. "ಎಲ್ಲ ಸರಿಯಾಗೇ ಇದೆ ಜಿಗ್ಮಸ್ ಅವರೇ. ಸೋಮವಾರ ಬರ್ತೀನಿ" ಎಂದರು.

ವಾರಾಂತ್ಯಕ್ಕೆ ಚಳಿ ಸೊನ್ನೆಯ ಕೆಳಗೆ ಇಪ್ಪತ್ತೊಂದಕ್ಕೆ ಇಳಿಯಿತು. ಮೂರು ಅಣಬೆಗಳೂ ನೀರಿನ ದಾರಿ ಮುಚ್ಚಿಕೊಂಡ ಹೊತ್ತಿನಲ್ಲೇ ಒಂದರ ಹಿಂದೊಂದು ಸತ್ತವು. ಸೋಮವಾರ ಬೆಳಿಗ್ಗೆ ಸ್ಕೈದ್ರೆ ಬಾಗಿಲು ತಟ್ಟಿದಾಗ ಉತ್ತರವಿಲ್ಲ. ಸಂಘದಲ್ಲಿದ್ದ ಬದಲಿ ಕೀಲಿಯಿಂದ ತೆರೆದು ಒಳಹೊಕ್ಕರೆ ಮನೆಯೊಳಗೆ ಒಂಬತ್ತು ಡಿಗ್ರಿ. ಜಿಗ್ಮಸ್ ಕೋಟು ತೊಟ್ಟು, ಎರಡು ಕಂಬಳಿ ಹೊದ್ದು ಮಲಗಿದ್ದರು. ಮೈ ಸುಡುತ್ತಿತ್ತು, ಮಾತು ತೊದಲುತ್ತಿತ್ತು. ಭಾನುವಾರ ಯಾರನ್ನೂ ಎಬ್ಬಿಸಿ ತೊಂದರೆ ಕೊಡುವುದು ಬೇಡವೆಂದು, ಸೋಮವಾರ ಹೇಗೂ ಬರುತ್ತಾಳಲ್ಲ ಎಂದು, ಸುಮ್ಮನಿದ್ದರಂತೆ. ಶ್ವಾಸಕೋಶದ ಸೋಂಕು. ಹದಿನಾರು ದಿನ ಆಸ್ಪತ್ರೆ.

ಸಂಘದ ಅಧ್ಯಕ್ಷೆ ವಿಲ್ಹೆಲ್ಮಿನಾ ಮರುದಿನವೇ ಒಂದು ವರದಿ ಸಿದ್ಧ ಮಾಡಿದರು. 'ನಿವಾಸಿಯೇ ಉಪಕರಣವನ್ನು ತಿಳಿಯದೆ ಮುಟ್ಟಿ ಕೆಡಿಸಿರುವ ಸಾಧ್ಯತೆ' ಎಂದು ಅದರಲ್ಲಿತ್ತು. ಕೆಳಗೆ ಸ್ಕೈದ್ರೆ ಸಹಿ ಮಾಡಬೇಕಿತ್ತು.

"ಕೆಟ್ಟ ಹೆಂಗಸಲ್ಲ ಆಕೆ. ನನ್ನನ್ನೇ ಉಳಿಸೋಕೆ ನೋಡಿದ್ರು" ಎನ್ನುತ್ತಾರೆ ಸ್ಕೈದ್ರೆ. "'ಸ್ಕೈದ್ರೆ ಅವರೇ, ಕಣ್ಣಿಲ್ಲದ ಮನುಷ್ಯ, ಏನೋ ತಿರುಗಿಸಿರ್ತಾನೆ, ಯಾರೂ ಅವನನ್ನ ದೂರಲ್ಲ' ಅಂದ್ರು. ನಾನು ಪೆನ್ನು ತಗೊಂಡೆ. ಆಗ ಆ ಫೋನು ನೆನಪಾಯ್ತು. ಅಳ್ತಿದೆ ಅಂತ ಹೇಳಿದ್ರಲ್ಲ ಆ ಮನುಷ್ಯ."

ಆ ಸಾಲು ಹೊಡೆದುಹಾಕಿ, ಪಕ್ಕದಲ್ಲಿ ಸ್ಕೈದ್ರೆ ತಮ್ಮ ಕೈಬರಹದಲ್ಲಿ ಬರೆದರು: 'ಹಾಕಬಾರದ ಬ್ಯಾಟರಿ ಹಾಕಿದ್ದು ನಾನು. ನಿವಾಸಿ ನಾಲ್ಕು ದಿನ ಮುಂಚೆಯೇ ತಿಳಿಸಿದ್ದರು. ನಾನು ಹೋಗಲಿಲ್ಲ.' ಕೆಲಸ ಹೋಗುತ್ತದೆಂದೇ ತಿಳಿದು, ಆ ಸಂಜೆ ನೆಲಮಾಳಿಗೆಯ ಕೋಣೆಯಿಂದ ತಮ್ಮ ಚಹಾ ಲೋಟವನ್ನೂ ರಬ್ಬರ್ ಚಪ್ಪಲಿಯನ್ನೂ ಚೀಲಕ್ಕೆ ತುಂಬಿಕೊಂಡು ಮನೆಗೆ ಹೋದರು.

ಸಂಘದ ಸಭೆ ಎರಡು ಗಂಟೆ ನಡೆಯಿತು. ತೆಗೆಯಬೇಕೆಂದವರೂ ಇದ್ದರು. ಕೊನೆಗೆ ವಿಲ್ಹೆಲ್ಮಿನಾ ಅವರೇ ಎದ್ದು, "ಇವರನ್ನ ತೆಗೆದ್ರೆ ನಾಳೆ ಬೆಳಿಗ್ಗೆ ಯಾರ ಬಾಗಿಲು ತಟ್ಟೋಣ ಅಂತಿದ್ದೀರಿ?" ಎಂದು ಕೇಳಿದರಂತೆ. ಲಿಖಿತ ಎಚ್ಚರಿಕೆಯೊಂದಿಗೆ ಕೆಲಸ ಉಳಿಯಿತು.

ಉಳಿದದ್ದು ಜಿಗ್ಮಸ್ ಮುಂದೆ ಹೋಗಿ ನಿಲ್ಲುವುದು. ಒಂದು ಬಾಟಲಿ ಕೆಫೀರು ಎಂಬ ಹುಳಿಹಾಲು, ಮನೆಯಲ್ಲೇ ಮಾಡಿದ ಪನೀರಿನ ಕಡುಬು ಹಿಡಿದುಕೊಂಡು ಸ್ಕೈದ್ರೆ ಆಸ್ಪತ್ರೆಗೆ ಹೋದರು. ಅವರು ಬಾಗಿಲಲ್ಲಿ ಕಾಲಿಡುತ್ತಲೇ ಜಿಗ್ಮಸ್, "ಎಡಗಾಲು ಎಳೀತಿದ್ದೀಯ. ಮಂಡಿ ನೋವು ಜಾಸ್ತಿಯಾಯ್ತಾ?" ಎಂದರು.

"ತಪ್ಪಾಯ್ತು ಜಿಗ್ಮಸ್ ಅವರೇ."

"ಆಯ್ತು. ಹೌದು, ಆಯ್ತು." ಜಿಗ್ಮಸ್ ದಿಂಬಿಗೆ ಒರಗಿ ಕೂತರು. "ಕಾರ್ಖಾನೇಲಿ ನನ್ನ ಕೆಲಸ ಏನಿತ್ತು ಅಂತ ಯಾವತ್ತಾದ್ರೂ ಕೇಳಿದ್ದೀಯಾ? ಸಣ್ಣ ಮೋಟರು ತಯಾರಾಗಿ ಬಂದ್ರೆ, ಓಡಿಸಿ, ಸದ್ದು ಕೇಳಿ, ಪಾಸು ಫೇಲು ಹೇಳೋದು. ಮೂವತ್ತು ವರ್ಷ. ಕಣ್ಣಿದ್ದವರು ಮೀಟರು ಹಿಡ್ಕೊಂಡು ನನ್ನ ಹಿಂದೆ ಬರ್ತಿದ್ರು. ನಿನಗೆ ಒಂದು ಫೋನು ಮಾಡಿ ಹೇಳಿದ್ರೆ, ಹಸಿರು ಅಂತೆ, ಹಸಿರು. ಹಸಿರು ಹೇಗಿರುತ್ತೋ ನಾನೇನು ಕಂಡಿದ್ದೀನಾ?"

ಸ್ಕೈದ್ರೆಗೆ ಅಳು ಬಂತು. ಅದೂ ಕೇಳಿಸಿತು ಅವರಿಗೆ. "ಮೊದಲು ಆ ಕಡುಬು ಕೊಡು ಇಲ್ಲಿ" ಎಂದರು.

ಮಾರ್ಚಿನಲ್ಲಿ ಪಾಠ ಶುರುವಾಯಿತು. ವಾರಕ್ಕೆ ಮೂರು ದಿನ ಜಿಗ್ಮಸ್ ಅಡುಗೆಮನೆಯ ಮೇಜಿನ ಮೇಲೆ ನಾಲ್ಕು ಹಳೆಯ ಅಣಬೆ, ಬಗೆಬಗೆಯ ಬ್ಯಾಟರಿ. ಹೊಸದು, ಅರೆಜೀವದ್ದು, ಫ್ರಿಜ್ಜಿನಲ್ಲಿಟ್ಟು ತಣ್ಣಗಾದದ್ದು, ಒಂದು ಹೊಸದು ಒಂದು ಹಳತು. ಸ್ಕೈದ್ರೆ ಕಣ್ಣು ಮುಚ್ಚಿ ಹೇಳಬೇಕು. ತಪ್ಪಿದರೆ ಜಿಗ್ಮಸ್ ಚಮಚದಿಂದ ಲೋಟ ಬಡಿಯುತ್ತಿದ್ದರು.

"ಮೊದಲಿಂದ ಕೊನೇವರೆಗೂ ಸದ್ದು ದಪ್ಪಗಿದ್ರೆ ಬ್ಯಾಟರಿ ಸೋತಿದೆ. ಶುರುವಲ್ಲಿ ಚುರುಕಾಗಿದ್ದು ಕೊನೇಲಿ ಮಾತ್ರ ನರಳಿದ್ರೆ ಬ್ಯಾಟರಿ ಸರಿಯಿದೆ, ಪಿನ್ನು ಬಿಗಿದಿದೆ. ನಡುನಡುವೆ ತಡವರಿಸಿದ್ರೆ ಸ್ಪ್ರಿಂಗಲ್ಲಿ ಕೊಳೆ" ಎಂದು ಸ್ಕೈದ್ರೆ ಈಗ ಗಿಣಿಪಾಠ ಒಪ್ಪಿಸುತ್ತಾರೆ. ಬ್ಯಾಟರಿಯ ಶಕ್ತಿ ಅಳೆಯುವ ಮಲ್ಟಿಮೀಟರನ್ನೂ ಬಿಟ್ಟಿಲ್ಲ. ಕಿವಿ ಹೇಳಿದ್ದನ್ನು ಅದರಿಂದ ಖಾತ್ರಿ ಮಾಡಿಕೊಳ್ಳುತ್ತಾರೆ. ಹತ್ತರಲ್ಲಿ ಒಂಬತ್ತು ಸಲ ಎರಡೂ ಒಂದೇ ಮಾತು ಹೇಳುತ್ತವೆ. ಹತ್ತನೆಯದಕ್ಕೆ ಇಂದಿಗೂ ಜಿಗ್ಮಸ್‌ಗೆ ಫೋನು ಮಾಡಿ, ಫೋನನ್ನೇ ಅಣಬೆಯ ಪಕ್ಕ ಹಿಡಿಯುತ್ತಾರೆ.

ಕಳೆದ ಅಕ್ಟೋಬರಿನಲ್ಲಿ ರೇಡಿಯೇಟರುಗಳಿಗೆ ಬಿಸಿನೀರು ಬಿಡುವ ಮುಂಚಿನ ಎರಡು ವಾರ ಸ್ಕೈದ್ರೆ ಆರೂ ಕಟ್ಟಡಗಳ ಎಲ್ಲ ಅಣಬೆಗಳ ಸದ್ದನ್ನೂ ಕೇಳಿ ಮುಗಿಸಿದರು. ಎಪ್ಪತ್ತಮೂರು ಕಡೆ ಪಿನ್ನು ಬಿಗಿದಿತ್ತು. ಪರದೆ ಆ ಎಪ್ಪತ್ತಮೂರನ್ನೂ ಹಸಿರೆಂದೇ ತೋರಿಸುತ್ತಿತ್ತು. ಇಲ್ಲಿಯವರೆಗೆ ಈ ಚಳಿಗಾಲದಲ್ಲಿ ಒಂದು ಮನೆಯೂ ಹದಿನೇಳು ಡಿಗ್ರಿಗಿಂತ ಕೆಳಗೆ ಇಳಿದಿಲ್ಲ. ಬ್ಯಾಟರಿಯ ಖರ್ಚೂ ಅರ್ಧಕ್ಕೆ ಬಂದಿದೆ ಎಂದು ವಿಲ್ಹೆಲ್ಮಿನಾ ಹೇಳುತ್ತಾರೆ. ಹುದ್ದೆಯ ಹೆಸರು ಬದಲಾಯಿಸೋಣವೇ ಎಂದು ಸಂಘ ಕೇಳಿದಾಗ ಸ್ಕೈದ್ರೆ, "ಬೇಡ, ಆಮೇಲೆ ಮೆಟ್ಟಿಲು ಯಾರು ಗುಡಿಸ್ತಾರೆ?" ಎಂದರಂತೆ.

ಮಧ್ಯಾಹ್ನ ಹನ್ನೆರಡಕ್ಕೆ ಸ್ಕೈದ್ರೆ ಮೂಲೆಮನೆಯ ಅಡುಗೆಕೋಣೆಯಲ್ಲಿ ಕೂತಿದ್ದಾರೆ. ಜಿಗ್ಮಸ್ ಆಲೂಗಡ್ಡೆ ಬೇಯಿಸಿ, ಹೆರಿಂಗ್ ಮೀನಿನ ಮೇಲೆ ಈರುಳ್ಳಿ ಹೆಚ್ಚಿ ಹರಡಿದ್ದಾರೆ. ಪೆಟ್ಟಿಗೆ ತಯಾರಿಸುವವರಿಗೆ ಏನಾದರೂ ಹೇಳುವುದಿದೆಯೇ ಎಂದರೆ ಸ್ಕೈದ್ರೆ ತಿನ್ನುವುದನ್ನು ನಿಲ್ಲಿಸುತ್ತಾರೆ.

"ದೊಡ್ಡದೇನಿಲ್ಲ. ಆ ಕೆಂಪು ದೀಪದ ಜೊತೆ ಒಂದು ಚಿಕ್ಕ ಸೀಟಿ ಇಡ್ಲಿ. ಕಾಣದವರೂ ಇರ್ತಾರೆ ಮನೇಲಿ. ಎರಡು ಪತ್ರ ಬರೆದಿದ್ದೀನಿ, ಇನ್ನೂ ಒಂದು ಬರೀತೀನಿ."

"ಬರೀಬೇಡ" ಎನ್ನುತ್ತಾರೆ ಜಿಗ್ಮಸ್. "ಸೀಟಿ ಇಟ್ಟುಬಿಟ್ರೆ ನಿನಗೆ ಈ ಕಡೆ ಬರೋಕೆ ನೆಪ ಇರಲ್ಲ."

"ನೆಪ ಇಲ್ಲದಿದ್ರೆ ಸುಮ್ಮನೆ ಬರ್ತೀನಿ" ಎಂದು ಸ್ಕೈದ್ರೆ ಇನ್ನೊಂದು ಆಲೂಗಡ್ಡೆಯನ್ನು ಅವರ ತಟ್ಟೆಗೆ ಹಾಕುತ್ತಾರೆ.